77 ಓಟು, ಆಮೇಲೆ 32 ಓಟು: ಬಾಗಿಲು ತಟ್ಟಿ ಕೇಳಿದ ನನ್ನ ಅನುಭವ

ನಾವಿರೋದು ಅಮೆರಿಕಾದ ಮೇರಿಲ್ಯಾಂಡ್‌ನಲ್ಲಿ, ಮಾಂಟ್ಗೊಮರಿ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ) ಜರ್ಮನ್‌ಟೌನ್ ಕಡೆ. ನನ್ನ ತವರು ಹಾಸನ. 2022ರಲ್ಲಿ ಕೌಂಟಿ ಎಕ್ಸಿಕ್ಯೂಟಿವ್ ಎಲೆಕ್ಷನ್ ಬಂದಾಗ ನಮ್ಮ ಬೀದಿ ಮತ್ತೆ ಅಕ್ಕಪಕ್ಕದ ಎರಡು ಬೀದಿ ಮನೆ ಮನೆಗೂ ಹೋಗಿ, ಯಾರ ಬಗ್ಗೆ ನಿಮಗೇನನ್ಸತ್ತೆ ಅಂತ ಕೇಳ್ಕೊಂಡು ಬರೆದಿಟ್ಕೊಂಡೆ. ಯಾವ ಕ್ಯಾಂಡಿಡೇಟ್ ಪರವಾಗೂ ಅಲ್ಲ, ಯಾರೂ ಹೇಳಿ ಮಾಡಿಸಿದ್ದೂ ಅಲ್ಲ. ಹೆಂಗ್ ಮಾಡ್ದೆ, ಏನ್ ಗೊತ್ತಾಯ್ತು ಅಂತ ತುಂಬಾ ಜನ ಕೇಳ್ತಿರ್ತಾರೆ, ಅದಕ್ಕೆ ಒಂದ್ಸಲ ಪೂರ್ತಿ ಬರೀತಿದೀನಿ.

ಶುರುವಾಗಿದ್ದು 2018ರಿಂದ. ಆಗ ಎಕ್ಸಿಕ್ಯೂಟಿವ್ ಆಗಿದ್ದ ಐಕ್ ಲೆಗೆಟ್ ಮೂರು ಟರ್ಮ್ ಮುಗಿಸಿ ಹೊರಟಿದ್ರು, ಖಾಲಿ ಕುರ್ಚಿಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ (ಪಾರ್ಟಿ ಕ್ಯಾಂಡಿಡೇಟ್ ಯಾರು ಅಂತ ಆ ಪಾರ್ಟಿಗೆ ರಿಜಿಸ್ಟರ್ ಆಗಿರೋ ಜನಾನೇ ಓಟ್ ಹಾಕಿ ಆರಿಸೋ ಮೊದಲನೇ ಸುತ್ತು) ಆರು ಜನ ನಿಂತಿದ್ರು. ನಾನು ಆಗಷ್ಟೇ ಸಿಟಿಜನ್ ಆಗಿದ್ದೆ, ಮೊದಲನೇ ಓಟು ಅಂತ ಖುಷಿಯಿಂದ ಆಫೀಸ್ ಮುಗಿಸ್ಕೊಂಡು ಬೂತ್‌ಗೆ ಹೋದ್ರೆ ಅಲ್ಲಿದ್ದ ಹೆಂಗಸು ಪಟ್ಟಿ ನೋಡಿ, ನೀವು ಯಾವ ಪಾರ್ಟಿಗೂ ಸೇರಿಲ್ಲ ಅಂತ ರಿಜಿಸ್ಟರ್ ಆಗಿದೀರ, ನಿಮಗೆ ಸ್ಕೂಲ್ ಬೋರ್ಡ್ ಬ್ಯಾಲೆಟ್ ಮಾತ್ರ ಕೊಡಕ್ಕಾಗೋದು ಅಂದ್ರು. ಫಾರ್ಮ್ ತುಂಬುವಾಗ ಪಾರ್ಟಿ ಗೀರ್ಟಿ ನಮಗ್ಯಾಕೆ ಅಂತ ನಾನೇ ಹಂಗೆ ಟಿಕ್ ಮಾಡಿದ್ದೆ. ವಾಪಸ್ ಬಂದೆ. ಕೆಲವು ವಾರ ಆದ್ಮೇಲೆ ರೀಕೌಂಟ್ ಎಲ್ಲ ಮುಗ್ದು ಮಾರ್ಕ್ ಎಲ್ರಿಚ್ ಅನ್ನೋರು ಡೇವಿಡ್ ಬ್ಲೇರ್ ಮೇಲೆ ಗೆದ್ದಿದ್ದು ಎಷ್ಟರಲ್ಲಿ ಗೊತ್ತಾ? 77 ಓಟಲ್ಲಿ. ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರೋ ಕೌಂಟಿ ಇದು! ಆ ನಂಬರ್ ನನ್ನ ತಲೇಲಿ ಕೂತ್ಬಿಡ್ತು.

ಊರಲ್ಲಿರೋರಿಗೆ ಈ ಹುದ್ದೆ ಏನು ಅಂತ ಹೇಳ್ಬೇಕಂದ್ರೆ, ನಮ್ಮ ಜಿಲ್ಲಾಧಿಕಾರಿ ಇದ್ದಂಗೆ ಅಂದ್ಕೊಳಿ, ಆದ್ರೆ ಐಎಎಸ್ ಪಾಸ್ ಮಾಡಿ ಪೋಸ್ಟಿಂಗ್ ಮೇಲೆ ಬರೋರಲ್ಲ, ನಾಲ್ಕು ವರ್ಷಕ್ಕೊಂದ್ಸಲ ಜನಾನೇ ಓಟ್ ಹಾಕಿ ಆರಿಸ್ತಾರೆ. ಕೌಂಟಿ ಪೊಲೀಸು, ಬಸ್ಸು, ಲೈಬ್ರರಿ, ಹಿಮ ಬಿದ್ರೆ ಬೀದಿ ಕ್ಲೀನ್ ಮಾಡೋದು, ಹೆಲ್ತ್ ಡಿಪಾರ್ಟ್‌ಮೆಂಟು ಎಲ್ಲ ಇವರ ಕೈಕೆಳಗೆ. 2022ರ ಹೊತ್ತಿಗೆ ಬಜೆಟ್ 600 ಕೋಟಿ ಡಾಲರ್ ದಾಟಿತ್ತು, ಅದರಲ್ಲಿ ಹತ್ತತ್ರ ಅರ್ಧ ಸ್ಕೂಲಿಗೇ ಹೋಗತ್ತೆ. ಇಲ್ಲಿ ಕೊನೇ ರಿಪಬ್ಲಿಕನ್ ಎಕ್ಸಿಕ್ಯೂಟಿವ್ ಇಳಿದಿದ್ದು 1978ರಲ್ಲಿ. ಅಂದ್ರೆ ನವೆಂಬರ್ ಎಲೆಕ್ಷನ್ ಬರೋ ಹೊತ್ತಿಗೆ ಎಲ್ಲ ತೀರ್ಮಾನ ಆಗೋಗಿರತ್ತೆ, ನಿಜವಾದ ಸ್ಪರ್ಧೆ ನಡಿಯೋದು ಡೆಮಾಕ್ರಟಿಕ್ ಪ್ರೈಮರಿಯಲ್ಲೇ, ಅಲ್ಲಿ ಓಟಿಲ್ಲ ಅಂದ್ರೆ ನಿಮಗೆ ಓಟೇ ಇಲ್ಲ ಅಂತಾನೇ ಲೆಕ್ಕ.

ಸರಿ, 2022. ಕ್ಷೇತ್ರ ವಿಂಗಡಣೆ ಕೇಸು ಕೋರ್ಟಲ್ಲಿದ್ದಿದ್ರಿಂದ ಜೂನ್ 28ಕ್ಕಿದ್ದ ಪ್ರೈಮರಿ ಜುಲೈ 19ಕ್ಕೆ ಹೋಯ್ತು. ಎಲ್ರಿಚ್ ಮತ್ತೆ ನಿಂತ್ರು, ಬ್ಲೇರ್ ಮತ್ತೆ ನಿಂತ್ರು, ಕೌಂಟಿ ಕೌನ್ಸಿಲ್‌ನಲ್ಲಿದ್ದ ಹಾನ್ಸ್ ರೀಮರ್ ನಿಂತ್ರು, ಪೀಟರ್ ಜೇಮ್ಸ್ ಅಂತ ಇನ್ನೊಬ್ರು. ನಾನು ಜೂನ್ ಮೊದಲನೇ ವಾರ ಒಂದು ಉದ್ದ ರೂಲ್ ನೋಟ್‌ಬುಕ್ ತಗೊಂಡು ಸಾಯಂಕಾಲ ಆರೂವರೆಗೆ ಹೊರಟೆ. ಊಟಕ್ಕೆ ಮುಂಚೆ, ಮಕ್ಕಳು ಇನ್ನೂ ಹೊರಗೆ ಸೈಕಲ್ ಹೊಡೀತಿರೋ ಟೈಮು, ಜನ ಬಾಗಿಲು ತೆಗೀತಾರೆ.

ಮೊದಲನೇ ದಿನ ಪೂರ್ತಿ ವೇಸ್ಟ್ ಆಯ್ತು. "ಈ ಸಲ ಯಾರಿಗೆ ಹಾಕ್ತೀರಾ?" ಅಂತ ನೇರವಾಗಿ ಕೇಳ್ದೆ. ಭಾರತದೋರು ನಕ್ಕು "ನೋಡ್ಬೇಕು ರೀ, ಇನ್ನೂ ಟೈಮಿದೆ" ಅಂದ್ರು, ಬೇರೆಯೋರು ನಾನು ಯಾವ ಕಡೆಯೋಳು ಅಂತ ಅನುಮಾನದಿಂದ ನೋಡಿದ್ರು. ಒಂದು ಮನೇಲಿ ಡೋರ್‌ಬೆಲ್ ಕ್ಯಾಮೆರಾದಲ್ಲೇ ಮಾತಾಡಿ ಕಳಿಸಿಬಿಟ್ರು. ರಾತ್ರಿ ಕೂತು ಯೋಚ್ನೆ ಮಾಡ್ದೆ. ನಮ್ಮಪ್ಪ ಊರಲ್ಲಿ ಪಂಚಾಯ್ತಿ ಎಲೆಕ್ಷನ್ ಟೈಮಲ್ಲಿ ಜನರ ಹತ್ರ ಹೆಂಗ್ ಮಾತು ತೆಗೀತಿದ್ರು ಅಂತ ನೆನಪಾಯ್ತು, ಅವರು ಯಾವತ್ತೂ ಓಟಿನ ಸುದ್ದೀನೇ ಎತ್ತುತ್ತಿರ್ಲಿಲ್ಲ, "ನಿಮ್ಮ ಕಡೆ ನೀರು ಬರ್ತಿದ್ಯಾ?" ಅಂತ ಶುರು ಮಾಡ್ತಿದ್ರು, ಉಳಿದಿದ್ದನ್ನ ಅವರೇ ಹೇಳ್ತಿದ್ರು.

ಮಾರನೇ ದಿನದಿಂದ ನಾನೂ ಅದೇ ಮಾಡ್ದೆ. ಮೊದಲನೇ ಪ್ರಶ್ನೆ: ಕಳೆದ ಎರಡು ವರ್ಷದಲ್ಲಿ ಕೌಂಟಿಯಿಂದ ನಿಮಗೆ ಒಳ್ಳೇದಾಗಿದ್ದು ಒಂದು, ಬೇಜಾರಾಗಿದ್ದು ಒಂದು ಹೇಳಿ. ಅಷ್ಟೇ. ಹೆಸರುಗಳನ್ನ ನಾನಾಗಿ ಎತ್ತುತ್ತಿರ್ಲಿಲ್ಲ. ಬರೆಯೋದು ಅವರ ಎದುರಿಗಲ್ಲ, ಮೆಟ್ಟಿಲಿಳಿದು ಮುಂದಿನ ಮನೆ ಡ್ರೈವ್‌ವೇ ಹತ್ರ ನಿಂತು, ಅವರು ಹೇಳಿದ ಮಾತಲ್ಲೇ ಬರೀತಿದ್ದೆ. ವಾದ ಮಾಡ್ತಿರ್ಲಿಲ್ಲ, ತಪ್ಪು ಹೇಳಿದ್ರೂ ಮಧ್ಯ ಬಾಯಿ ಹಾಕ್ತಿರ್ಲಿಲ್ಲ, ಇದು ತುಂಬಾ ಕಷ್ಟ ನಿಜ ಹೇಳ್ಬೇಕಂದ್ರೆ, ಯಾಕಂದ್ರೆ ಒಂದ್ಸಲ ತಿದ್ದಿದ್ರೆ ಅವರು ಮುಂದೆ ನಿಮಗೆ ಇಷ್ಟ ಆಗೋದನ್ನ ಮಾತ್ರ ಹೇಳ್ತಾರೆ.

ಆಗ ಬಂತು ನೋಡಿ ಮಾತು. ಮೂರನೇ ಬೀದಿ ಮೂಲೆ ಮನೆ ಯಜಮಾನರು, ಎಪ್ಪತ್ತು ದಾಟಿರೋ ಆಫ್ರಿಕನ್ ಅಮೆರಿಕನ್, ಮನೆ ಮುಂದೆ ಬಕೆಟ್‌ಗಳಲ್ಲಿ ಟೊಮ್ಯಾಟೊ ಹಾಕಿದ್ರು, ಗಿಡಕ್ಕೆ ಕಡ್ಡಿ ಕಟ್ತಾನೇ ಮಾತಾಡಿದ್ರು. ಎಲ್ರಿಚ್ ಮುಂಚೆ ಎಲಿಮೆಂಟರಿ ಸ್ಕೂಲ್ ಮೇಷ್ಟ್ರಾಗಿದ್ದೋರು, ಟಕೋಮಾ ಪಾರ್ಕ್ ಸಿಟಿ ಕೌನ್ಸಿಲ್‌ನಿಂದ ಮೇಲೆ ಬಂದೋರು, ಕೋವಿಡ್ ಟೈಮಲ್ಲಿ ಗಾಬರಿ ಬೀಳದೆ ಕೆಲಸ ಮಾಡಿದ್ರು, ನಮ್ಮ ಕೌಂಟೀಲಿ ಎಷ್ಟು ಜನ ಲಸಿಕೆ ಹಾಕಿಸ್ಕೊಂಡ್ರು ನೋಡು, ಅವನನ್ನ ಯಾಕೆ ಬದಲಾಯಿಸ್ಬೇಕು ಅಂದ್ರು. ಅವರ ಎದುರು ಮನೆ ನಮ್ಮ ಕನ್ನಡದೋರೇ, ಐಟಿ ಕೆಲಸ, ಅವರದು ತದ್ವಿರುದ್ಧ: "ಅಮೆಜಾನ್ ಎರಡನೇ ಹೆಡ್‌ಕ್ವಾರ್ಟರ್ಸ್‌ಗೆ ನಮ್ಮ ಕೌಂಟೀನೂ ಕೊನೇ 20ರ ಲಿಸ್ಟಲ್ಲಿತ್ತು ಅಕ್ಕ, 2018ರಲ್ಲಿ ವರ್ಜೀನಿಯಾ ಪಾಲಾಯ್ತು. ನಾನು ದಿನಾ ನದಿ ದಾಟಿ ಕೆಲಸಕ್ಕೆ ಹೋಗ್ತೀನಿ. ಕಂಪನಿ ನಡೆಸಿ ಗೊತ್ತಿರೋರು ಬರ್ಲಿ" ಅಂದ್ರು. ಬ್ಲೇರ್ ಔಷಧಿ ಬೆನಿಫಿಟ್ ನೋಡ್ಕೊಳೋ ದೊಡ್ಡ ಕಂಪನಿ ಕಟ್ಟಿದ್ದೋರು, ಅದು ಈ ಥರದವರಿಗೆ ಹಿಡಿಸಿತ್ತು. ಅದೇ ಬ್ಲೇರ್ ಲಕ್ಷಗಟ್ಟಲೆ ಡಾಲರ್ ಸ್ವಂತ ದುಡ್ಡು ಸುರಿದು ಮೇಲ್‌ಬಾಕ್ಸ್ ತುಂಬಾ ಕಾರ್ಡ್ ಕಳಿಸ್ತಿದ್ದಿದ್ದು ಇನ್ನು ಕೆಲವರಿಗೆ ಸಿಟ್ಟು ತರಿಸಿತ್ತು. ಎಲ್ರಿಚ್, ರೀಮರ್ ಇಬ್ರೂ ಕೌಂಟಿಯ ಪಬ್ಲಿಕ್ ಫೈನಾನ್ಸಿಂಗ್ ತಗೊಂಡಿದ್ರು, ಅಂದ್ರೆ ಸಣ್ಣ ಸಣ್ಣ ದೇಣಿಗೆ ಮಾತ್ರ ತಗೋಬೇಕು, ಅದಕ್ಕೆ ಕೌಂಟಿ ಸೇರಿಸಿ ಕೊಡತ್ತೆ. ಇದನ್ನ ಒಬ್ಬ ಹೆಂಗಸು, ಎಲ್ ಸಾಲ್ವಡಾರ್ ಕಡೆಯೋರು, ಮನೆ ಕ್ಲೀನಿಂಗ್ ಕೆಲಸ ಮಾಡೋರು, ನನಗಿಂತ ಚೆನ್ನಾಗಿ ವಿವರಿಸಿದ್ರು, ನನಗೆ ಆಶ್ಚರ್ಯ ಆಯ್ತು, ಗೌರವಾನೂ ಬಂತು.

ಬಾಡಿಗೆ ವಿಷಯ ಬಂದಾಗ್ಲಂತೂ ದನೀನೇ ಬದಲಾಗ್ತಿತ್ತು. ಟೌನ್‌ಹೌಸ್ ಬೇಸ್‌ಮೆಂಟಲ್ಲಿ ಬಾಡಿಗೆಗಿದ್ದ ಚಿಕ್ಕ ವಯಸ್ಸಿನ ದಾವಣಗೆರೆ ಜೋಡಿ ಒಂದಿತ್ತು, ಹುಡುಗ ಸಿಟಿಜನ್, ಹುಡುಗಿ ಇನ್ನೂ ಗ್ರೀನ್ ಕಾರ್ಡ್. ಮುಂಚೆ ಇದ್ದ ಅಪಾರ್ಟ್‌ಮೆಂಟಿನಿಂದ ಬಂದ ಬಾಡಿಗೆ ಏರಿಕೆ ಕಾಗದಾನ ಫ್ರಿಡ್ಜ್ ಮೇಲೆ ಮ್ಯಾಗ್ನೆಟ್‌ನಲ್ಲಿ ಇನ್ನೂ ಅಂಟಿಸಿಟ್ಟಿದ್ರು. ಕೋವಿಡ್ ಕಾಲದಲ್ಲಿ ಕೌಂಟಿ ಹಾಕಿದ್ದ ಬಾಡಿಗೆ ಮಿತಿ ಆ ಹೊತ್ತಿಗೆ ಮುಗ್ದಿತ್ತು. ಹುಡುಗಿ ಆ ಕಾಗದ ತೆಗೆದು ನನ್ನ ಕೈಗೆ ಕೊಟ್ಟು, "ಇದನ್ನ ಓದಿ ಆಂಟಿ, ಆಮೇಲೆ ಕ್ಯಾಂಡಿಡೇಟ್ ಬಗ್ಗೆ ಕೇಳಿ" ಅಂದ್ಲು. ಹುಡುಗನಿಗೆ ರೀಮರ್ ಇಷ್ಟ, ಜಾಸ್ತಿ ಮನೆ ಕಟ್ಟಿದ್ರೆ ಬಾಡಿಗೆ ತಾನಾಗೇ ಇಳಿಯತ್ತೆ ಅನ್ನೋದು ಅವನ ವಾದ. ಅವಳಿಗೆ ಎಲ್ರಿಚ್, ಬಾಡಿಗೆಯೋರ ಪರ ಮಾತಾಡ್ತಾರೆ ಅಂತ. ನಾನು ಅಲ್ಲೇ ಇರ್ಬೇಕಾದ್ರೆ ಇಬ್ರೂ ಅರ್ಧ ಗಂಟೆ ಜಗಳ ಆಡಿದ್ರು, ಆದ್ರೆ ಓಟಿದ್ದಿದ್ದು ಒಬ್ಬರಿಗೆ. (ಆಮೇಲೆ 2023ರ ಜುಲೈನಲ್ಲಿ ಕೌನ್ಸಿಲ್ ವರ್ಷಕ್ಕೆ 6 ಪರ್ಸೆಂಟ್ ಮೇಲೆ ಬಾಡಿಗೆ ಏರಿಸೋ ಹಂಗಿಲ್ಲ ಅಂತ ಕಾನೂನು ಮಾಡ್ತು, ಹೊಸ ಕಟ್ಟಡಗಳಿಗೆ ವಿನಾಯ್ತಿ ಕೊಟ್ಟು. ಆ ಹುಡುಗಿ ನನಗೆ ಅವತ್ತೇ ಮೆಸೇಜ್ ಮಾಡಿದ್ಲು.)

ಥ್ರೈವ್ 2050 ಅಂತ ಕೌಂಟಿಯ ಮುಂದಿನ ಮೂವತ್ತು ವರ್ಷದ ಪ್ಲಾನ್ ಬಗ್ಗೆ ಕೂಡ ಹಿಂಗೇ ಎರಡು ಪಾಲು. ಒಂಟಿ ಮನೆ ಇರೋ ಕಡೆ ಎರಡು ಮೂರು ಮನೆ ಕಟ್ಟಕ್ಕೆ ಬಿಡಬಹುದಾ ಅನ್ನೋದು ಗಲಾಟೆ. ಎಲ್ರಿಚ್ ಅದನ್ನ ವಿರೋಧಿಸ್ತಿದ್ರು, ರೀಮರ್ ಅದರ ಮುಂಚೂಣಿಯಲ್ಲಿದ್ರು. ಮನೆ ಸಾಲ ತೀರಿಸಿ ಕೂತಿರೋರಿಗೆ ಭಯ, ಮನೆ ತಗೊಳಕ್ಕಾಗ್ದಿರೋರಿಗೆ ಆಸೆ. ವಿಷ್ಯ ಏನಂದ್ರೆ ಅದು ಎಕ್ಸಿಕ್ಯೂಟಿವ್ ಕೈಯಲ್ಲಿ ಇರ್ಲೇ ಇಲ್ಲ, ಪ್ಲಾನಿಂಗ್ ಬೋರ್ಡ್ ಮಾಡಿ ಕಳಿಸೋದು, ಕೌನ್ಸಿಲ್ ಪಾಸ್ ಮಾಡೋದು, 2022ರ ಅಕ್ಟೋಬರ್‌ನಲ್ಲಿ ಮಾಡೇಬಿಡ್ತು.

ನೋಟ್‌ಬುಕ್ ತಿರುವಿ ಹಾಕಿದಾಗ ಇನ್ನೊಂದು ಕಾಣಿಸ್ತು, ಜನ ಸಿಟ್ಟು ಮಾಡ್ಕೊಂಡಿದ್ದ ವಿಷಯಗಳಲ್ಲಿ ಎಷ್ಟೋ ಈ ಹುದ್ದೆಗೆ ಸೇರಿದ್ದೇ ಅಲ್ಲ. 270 ಹೈವೇ ಟ್ರಾಫಿಕ್ಕು ಸ್ಟೇಟ್‌ದು. ಸ್ಕೂಲ್ ಬೌಂಡರಿ ಸ್ಕೂಲ್ ಬೋರ್ಡ್‌ದು, ಎಕ್ಸಿಕ್ಯೂಟಿವ್ ಬಜೆಟ್ ಪ್ರಸ್ತಾಪ ಮಾಡ್ತಾರೆ ಅಷ್ಟೇ. ನೀರಿನ ಬಿಲ್ಲು ಬೇರೆ ಸಂಸ್ಥೆದು. ಆದ್ರೂ ಜನ ಅವರ ಮೇಲೇ ಹಾಕ್ತಾರೆ, ಯಾಕಂದ್ರೆ ಮುಖ ಅಂತ ಕಾಣ್ಸೋದು ಅವರೊಬ್ರೇ. ನಾನು ಇದನ್ನ ತಪ್ಪು ಅನ್ನಲ್ಲ. ಮಗಳ ಸ್ಕೂಲ್ ಬಗ್ಗೆ ಚಿಂತೆ ಇರೋ ಅಮ್ಮ ಯಾವ ಬೋರ್ಡ್ ಯಾವುದನ್ನ ನೋಡ್ಕೊಳತ್ತೆ ಅಂತ ಚಾರ್ಟ್ ಇಟ್ಕೊಂಡು ಬೇಜಾರಾಗಕ್ಕಾಗತ್ತಾ?

ನನ್ನ ನೋಟ್‌ಬುಕ್ಕಲ್ಲಿ ಮೊದಲ ದಿನದಿಂದಾನೂ ಒಂದು ಕಾಲಂ ಬೇರೆ ಹಾಕಿದ್ದೆ, "ಪ್ರೈಮರಿ ಓಟು ಇದ್ಯಾ?" ಅಂತ. ಅದೇ ನನ್ನನ್ನ ನಿದ್ದೆ ಮಾಡಕ್ಕೆ ಬಿಡ್ಲಿಲ್ಲ. ಹತ್ತತ್ತು ನಿಮಿಷ ನಿಂತು ಮೂರೂ ಮುಖ್ಯ ಕ್ಯಾಂಡಿಡೇಟ್‌ಗಳನ್ನ ತೂಗಿ ಅಳೆದು ಮಾತಾಡಿದೋರು, ಕೊನೇಲಿ ಸ್ಟೇಟ್ ಎಲೆಕ್ಷನ್ ಬೋರ್ಡ್ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡಿದ್ರೆ "ಪಾರ್ಟಿ ಇಲ್ಲ" ಅಂತ ಬರೋದು, ಅದೇ ನನ್ನ 2018ರ ಕಥೆ. ನಮ್ಮ ಭಾರತದೋರ ಮನೆಗಳಲ್ಲಿ ಇದು ತುಂಬಾ ಜಾಸ್ತಿ. ಯಾಕೆ ಅಂತ ಕೇಳಿದ್ರೆ ಎಲ್ಲರದೂ ಒಂದೇ ಉತ್ತರ, "ಪಾರ್ಟಿ ಮೆಂಬರ್ ಯಾಕಾಗ್ಬೇಕು ರೀ, ನಾವೇನ್ ರಾಜಕೀಯ ಮಾಡ್ತೀವಾ". ನಮ್ಮ ಮನಸ್ಸಲ್ಲಿ ಪಾರ್ಟಿಗೆ ಸೇರೋದು ಅಂದ್ರೆ ಹೆಗಲ ಮೇಲೆ ಶಾಲು ಹಾಕಿಸ್ಕೊಂಡು ಫೋಟೋ ತೆಗೆಸ್ಕೊಳೋದು. ಇಲ್ಲಿ ಹಂಗಲ್ಲ, ಫೀಸಿಲ್ಲ, ಮೀಟಿಂಗಿಲ್ಲ, ಯಾವ ಪ್ರೈಮರಿ ಬ್ಯಾಲೆಟ್ ನಿಮಗೆ ಕೊಡ್ಬೇಕು ಅನ್ನೋದಷ್ಟೇ, ನವೆಂಬರ್‌ನಲ್ಲಿ ಯಾರಿಗೆ ಬೇಕಾದ್ರೂ ಹಾಕ್ಬೋದು. ಬದಲಾಯಿಸಕ್ಕೆ ಕೊನೇ ದಿನ ಜೂನ್ 28. ಜೂನ್ ಮಧ್ಯದಿಂದ ನಾನು ಅಭಿಪ್ರಾಯ ಕೇಳೋದು ಅರ್ಧ ನಿಲ್ಲಿಸಿ, ಫೋನ್ ಕೈಯಲ್ಲಿ ಹಿಡ್ಕೊಂಡು ಹೋದ ಮನೆಗಳಿಗೇ ಮತ್ತೆ ಹೋದೆ. ಡ್ರೈವರ್ಸ್ ಲೈಸೆನ್ಸ್ ಇದ್ರೆ ಐದು ನಿಮಿಷದ ಕೆಲಸ. ನಾಲ್ಕು ಮನೇಲಿ ಅಡುಗೆಮನೆ ಕೌಂಟರ್ ಮೇಲೇ ಮುಗಿಸಿದ್ವಿ. ಒಂದು ಮನೇಲಿ ಅಂಕಲ್ ಒಬ್ರು "ಬಿಡಮ್ಮ, ಒಂದು ಓಟಲ್ಲಿ ಏನಾಗತ್ತೆ, ಆಮೇಲ್ ನೋಡೋಣ" ಅಂದ್ರು. ನಾನು 77ರ ಕಥೆ ಹೇಳ್ದೆ. "ಅಂಥದ್ದು ಒಂದೇ ಸಲ ಆಗೋದು" ಅಂದ್ರು.

ಪ್ರೈಮರಿ ಆಯ್ತು. ಓಟು ಹಾಕಿ ಸ್ಟಿಕ್ಕರ್ ಅಂಟಿಸ್ಕೊಂಡು ಬಂದೆ, ಕಣ್ಣಲ್ಲಿ ನೀರು ಬಂತು. ಫಲಿತಾಂಶ ಮಾತ್ರ ಬರ್ಲೇ ಇಲ್ಲ. ಆಗಿನ ನಿಯಮದ ಪ್ರಕಾರ ಪೋಸ್ಟಲ್ಲಿ ಬಂದ ಬ್ಯಾಲೆಟ್ ಲಕೋಟೇನ ಚುನಾವಣೆ ದಿನ ಮುಗಿಯೋವರೆಗೂ ತೆರೆಯೋ ಹಂಗಿರ್ಲಿಲ್ಲ, ಮುಂಚೇನೇ ಶುರು ಮಾಡಕ್ಕೆ ಬಿಡೋ ಬಿಲ್‌ನ ಗವರ್ನರ್ ಹೋಗನ್ ವೀಟೋ ಮಾಡಿದ್ರು. ವಾರಗಟ್ಟಲೆ ದಿನಾ ರಾತ್ರಿ ನಂಬರ್ ನೋಡೋದೇ ಆಯ್ತು. ಆಗಸ್ಟ್‌ನಲ್ಲಿ ಎಲ್ರಿಚ್ 35 ಓಟು ಮುಂದೆ ಅಂತ ಬಂತು, ಬ್ಲೇರ್ ರೀಕೌಂಟ್ ಕೇಳಿದ್ರು, ಅದು ಮುಗ್ದಾಗ 32. ಒಂದು ಲಕ್ಷದ ನಲವತ್ತು ಸಾವಿರ ಓಟಲ್ಲಿ 32. ರೀಮರ್‌ಗೆ ಬಿದ್ದಿದ್ದು ಸುಮಾರು 20 ಪರ್ಸೆಂಟ್, ಅವರಿಗೆ ಹಾಕಿದೋರ ಎರಡನೇ ಆಯ್ಕೆ ಯಾರು ಅಂತ ಬ್ಯಾಲೆಟ್ ಕೇಳೋದೇ ಇಲ್ಲ. ನಮ್ಮ ಕೌಂಟಿಯೊಳಗೇ ಇರೋ ಟಕೋಮಾ ಪಾರ್ಕ್ ಸಿಟಿ ಚುನಾವಣೇಲಿ ಒಂದು ಎರಡು ಮೂರು ಅಂತ ಕ್ರಮವಾಗಿ ಬರೆಯೋ ಪದ್ಧತಿ 2007ರಿಂದ ಇದೆ, ಕೌಂಟಿಗೆ ಇಲ್ಲ. ನನ್ನ ನೋಟ್‌ಬುಕ್ಕಲ್ಲಿ ರೀಮರ್ ಅಂದೋರನ್ನೆಲ್ಲ "ಇವರಿಲ್ಲ ಅಂದ್ರೆ?" ಅಂತ ಕೇಳಿದ್ದೆ, ಉತ್ತರ ಎರಡೂ ಕಡೆಗೆ ಹಂಚಿಹೋಗಿತ್ತು.

ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ತಕ್ಷಣ ಸಂತೇಮರಹಳ್ಳಿ ನೆನಪಿಸಿದ್ರು, 2004ರಲ್ಲಿ ಎ.ಆರ್. ಕೃಷ್ಣಮೂರ್ತಿ ಅವರು ಧ್ರುವನಾರಾಯಣ್ ಎದುರು ಒಂದೇ ಒಂದು ಓಟಲ್ಲಿ ಸೋತಿದ್ದು. 2023ರಲ್ಲಿ ಜಯನಗರದಲ್ಲಿ 16 ಓಟಿನ ಫಲಿತಾಂಶ ಬಂದಾಗ ಅಪ್ಪಾನೇ ಮೊದಲು ಕಾಲ್ ಮಾಡಿದ್ರು.

ನಾನು ತಪ್ಪಿದ್ದನ್ನೂ ಹೇಳ್ಬೇಕು. ನಮ್ಮ ಬೀದಿಗಳ ಮಾತು ಕೇಳಿ ಬ್ಲೇರ್ ಸಲೀಸಾಗಿ ಗೆಲ್ತಾರೆ ಅಂತ ನಂಬಿಬಿಟ್ಟಿದ್ದೆ. ಎಲ್ರಿಚ್ ಬಲ ಇದ್ದಿದ್ದು ಟಕೋಮಾ ಪಾರ್ಕ್, ಸಿಲ್ವರ್ ಸ್ಪ್ರಿಂಗ್ ಕಡೆ, ಅಲ್ಲಿಗೆ ನಾನು ಹೋಗ್ಲೇ ಇಲ್ಲ. ಕೀ ಇಲ್ದೆ ಒಳಗೆ ಬಿಡದಿರೋ ಅಪಾರ್ಟ್‌ಮೆಂಟ್‌ಗಳನ್ನ ಪೂರ್ತಿ ಬಿಟ್ಟಿದ್ದೆ, ಬಾಡಿಗೆ ನೋವು ಜಾಸ್ತಿ ಇದ್ದಿದ್ದೇ ಅಲ್ಲಿ. ಸಾಯಂಕಾಲ ಶಿಫ್ಟ್ ಇರೋ ನರ್ಸು, ಡ್ರೈವರ್‌ಗಳು ಯಾರೂ ಸಿಗ್ಲಿಲ್ಲ. ಯಾರಾದ್ರೂ ನಿಮ್ಮ ಕಡೆ ಮಾಡೋದಾದ್ರೆ ಶನಿವಾರ ಬೆಳಗ್ಗೆ ಒಂದು ರೌಂಡ್ ಇಟ್ಕೊಳಿ, ಬಸ್ ಸ್ಟಾಪಲ್ಲೂ ನಿಂತ್ಕೊಳಿ.

2024ರ ನವೆಂಬರ್‌ನಲ್ಲಿ ಎಕ್ಸಿಕ್ಯೂಟಿವ್‌ಗೆ ಎರಡೇ ಟರ್ಮ್ ಅಂತ ಜನ ಓಟ್ ಹಾಕಿ ಪಾಸ್ ಮಾಡಿದ್ರು, ಹಂಗಾಗಿ 2026ಕ್ಕೆ ಮತ್ತೆ ಖಾಲಿ ಕುರ್ಚಿ. ಆ ವಾರಾನೇ ಬಾಗಿಲು ಬಡಿದ ಸದ್ದಾಯ್ತು, ತೆಗೆದ್ರೆ ಅದೇ ಅಂಕಲ್, ಕೈಯಲ್ಲಿ ಫೋನು, ಲೈಸೆನ್ಸು. "ಆ ಪಾರ್ಟಿ ಬದಲಾಯಿಸೋದು ಎಲ್ಲಮ್ಮ, ನನಗೆ ಸಿಗ್ತಿಲ್ಲ" ಅಂದ್ರು. ಚಪ್ಪಲಿ ಬಿಟ್ಟು ಒಳಗೆ ಬನ್ನಿ ಅಂದೆ, ಕಾಫಿಗಿಟ್ಟು ಪಕ್ಕದಲ್ಲಿ ಕೂತು ಮಾಡ್ಕೊಟ್ಟೆ.