ಜೀವದಾಸೆ ಇದೆ ಅಂದಮಾತ್ರಕ್ಕೆ ಇನ್ನೊಬ್ಬರ ಹೊಣೆ ನಮ್ಮದಾಗುತ್ತಾ? ಬಿಡಿಸಿ ನೋಡುವ ಬಗೆ

ಈ ವಾದ ಎರಡು ತುದಿಯಿಂದ ಬರುತ್ತದೆ. ಒಬ್ಬರು ಹೇಳುತ್ತಾರೆ: ಮನುಷ್ಯ ಗುಂಪಿನಲ್ಲಿ ಬದುಕಿ ಬಂದ ಪ್ರಾಣಿ, ಒಬ್ಬರನ್ನೊಬ್ಬರು ಕಾಯುವುದು ರಕ್ತದಲ್ಲೇ ಇದೆ, ಹಾಗಾಗಿ ಇನ್ನೊಬ್ಬರ ಜೀವ ಉಳಿಸುವುದು ಕರ್ತವ್ಯ. ಇನ್ನೊಬ್ಬರು ಅದೇ ಪ್ರಕೃತಿಯನ್ನು ಹಿಡಿದು ಉಲ್ಟಾ ಹೊಡೆಯುತ್ತಾರೆ: ಪ್ರತಿ ಜೀವಿಯೂ ಮೊದಲು ತನ್ನ ಪ್ರಾಣ ನೋಡಿಕೊಳ್ಳುತ್ತದೆ, ಹಾಗಾಗಿ ನಾನು ಯಾರ ಋಣದಲ್ಲೂ ಇಲ್ಲ. ಇಬ್ಬರೂ ಎಡವುವುದು ಒಂದೇ ಜಾಗದಲ್ಲಿ. "ಹೀಗಿದೆ" ಅನ್ನುವುದರಿಂದ "ಹೀಗೇ ಮಾಡಬೇಕು" ಅನ್ನುವುದಕ್ಕೆ ಒಂದೇ ನೆಗೆತ. ಆ ನೆಗೆತವನ್ನು ಹಿಡಿಯುವುದು ಹೇಗೆ, ಹಿಡಿದಮೇಲೆ ಕೈಯಲ್ಲಿ ಏನು ಉಳಿಯುತ್ತದೆ, ಉಳಿದದ್ದು ಯಾವ ಕೆಲಸಕ್ಕೆ ಬರುತ್ತದೆ ಅಂತ ನೋಡೋಣ.

ಮೊದಲು, ಯಾವ ಹುಟ್ಟುಗುಣ ಅಂತ ಕೇಳಿ

ಯಾರಾದರೂ "ಅದು ಹುಟ್ಟುಗುಣ ಕಣ್ರೀ" ಅಂದರೆ ತಲೆ ಆಡಿಸಬೇಡಿ. ಯಾವುದು ಅಂತ ಕೇಳಿ. ಅಪಾಯ ಕಂಡಾಗ ಓಡುವುದು, ತಿರುಗಿ ಬೀಳುವುದು, ಇಲ್ಲ ಕಲ್ಲಾಗಿ ನಿಂತುಬಿಡುವುದು ಒಂದು ಬಗೆ. ಮಕ್ಕಳಿಗಾಗಿ, ಒಡಹುಟ್ಟಿದವರಿಗಾಗಿ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಇನ್ನೊಂದು. ಈ ಎರಡನೆಯದಕ್ಕೆ ಜೀವವಿಜ್ಞಾನಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ 1964ರಲ್ಲಿ ಒಂದು ಲೆಕ್ಕ ಕೊಟ್ಟರು. ಸಂಬಂಧಿಗೆ ಆಗುವ ಲಾಭವನ್ನು ರಕ್ತಸಂಬಂಧ ಎಷ್ಟು ಹತ್ತಿರ ಅನ್ನುವುದರಿಂದ ಗುಣಿಸಿ. ಅದು ನೆರವು ಕೊಟ್ಟವನ ನಷ್ಟಕ್ಕಿಂತ ಜಾಸ್ತಿ ಇದ್ದರೆ ಅಂಥ ಗುಣ ತಲೆಮಾರಿನಿಂದ ತಲೆಮಾರಿಗೆ ಉಳಿದುಕೊಳ್ಳುತ್ತದೆ. ಮೂರನೆಯದು, ಗುರುತೇ ಇಲ್ಲದವರಿಗೂ ಕೈ ಚಾಚುವುದು. ಇವತ್ತು ನಾನು ನಿನಗೆ, ನಾಳೆ ನೀನು ನನಗೆ ಅನ್ನುವ ಕೊಡುಕೊಳ್ಳುವಿಕೆಯಿಂದ ಇದು ಬೆಳೆಯಬಲ್ಲದು ಅಂತ ಇನ್ನೊಬ್ಬ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1971ರಲ್ಲಿ ತೋರಿಸಿದರು. ಇಲಿಗಳಲ್ಲೂ ಇದರ ಎಳೆ ಕಾಣುತ್ತದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೊಳವೆಯೊಳಗೆ ಸಿಕ್ಕಿಹಾಕಿಕೊಂಡ ಜೊತೆಗಾರನನ್ನು ಇಲಿಗಳು ಬಾಗಿಲು ತೆಗೆಯುವುದನ್ನು ತಾವೇ ಕಲಿತು ಬಿಡಿಸಿದವು.

ಈಗ ಮೂರನ್ನೂ ಒಂದೇ ಜಾಗದಲ್ಲಿ ಇಡಿ. ಮುಳುಗುತ್ತಿರುವವನು ಕಾಪಾಡಲು ಬಂದವನ ಹೆಗಲನ್ನೇ ಹತ್ತುತ್ತಾನೆ, ಅವನನ್ನೇ ಕೆಳಕ್ಕೆ ಒತ್ತುತ್ತಾನೆ. ದಡದಲ್ಲಿರುವವನಿಗೆ ಹಾರಬೇಕು ಅನಿಸುತ್ತದೆ, ಆದರೆ ಕಾಲು ಕದಲುವುದಿಲ್ಲ. ಎಲ್ಲವೂ ಹುಟ್ಟುಗುಣವೇ ಅಲ್ವಾ? ಹಾಗಾದರೆ ಇದರಲ್ಲಿ ಯಾವುದು ಕರ್ತವ್ಯ? ಆರಿಸಬೇಕಾಗಿ ಬಂತು ಅಂದಮೇಲೆ, ಆರಿಸುವ ಅಳತೆಗೋಲು ಹುಟ್ಟುಗುಣದಿಂದ ಹೊರಗಡೆ ಎಲ್ಲೋ ಇರಬೇಕು.

ಡಾರ್ವಿನ್ 1871ರಲ್ಲಿ ಈ ಜಗ್ಗಾಟದ ಬಗ್ಗೆ ಬರೆದಿದ್ದಾರೆ. ಒಂದು ಕ್ಷಣಕ್ಕೆ ಜೋರಾಗಿ ಬಂದು ಹೋಗುವ ಆಸೆ ಗೆದ್ದುಬಿಡುತ್ತದೆ. ಆಮೇಲೆ, ಸದಾ ಒಳಗೇ ಇರುವ ಗುಂಪಿನ ಸೆಳೆತ ಕುಟುಕಲು ಶುರು ಮಾಡುತ್ತದೆ. ಆತ್ಮಸಾಕ್ಷಿಯ ಬೇರು ಅಲ್ಲಿದೆ ಅನ್ನುವುದು ಅವರ ಮಾತು. ಚೆನ್ನಾಗಿದೆ. ಆದರೆ ಅದು ಆತ್ಮಸಾಕ್ಷಿ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ, ಅದರ ಮಾತು ಯಾಕೆ ಕೇಳಬೇಕು ಅನ್ನುವುದಕ್ಕಲ್ಲ.

ನೆಗೆತ ಹಿಡಿಯುವ ಪರೀಕ್ಷೆ

ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಈ ನೆಗೆತದ ಕಡೆ ಬೆರಳು ತೋರಿಸಿ ಸುಮಾರು ಮುನ್ನೂರು ವರ್ಷ ಆಗುತ್ತಾ ಬಂತು. ಇದೆ, ಇಲ್ಲ ಅಂತ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಬೇಕು, ಬೇಡ ಅಂತ ಶುರು ಮಾಡುತ್ತಾರೆ, ನಡುವಿನ ಸೇತುವೆ ಎಲ್ಲಿ ಅಂತ ಅವನು ಕೇಳಿದ. ನೀವು ಇಷ್ಟು ಮಾಡಿದರೆ ಸಾಕು. ಎದುರಿನವರ ವಾಕ್ಯ ತೆಗೆದುಕೊಳ್ಳಿ: "ನೆರವಾಗುವುದು ನಮ್ಮ ಹುಟ್ಟುಗುಣ, ಆದ್ದರಿಂದ ಅದು ಕರ್ತವ್ಯ." ಅದರಲ್ಲಿ "ನೆರವಾಗುವುದು" ತೆಗೆದು "ಸೇಡು ತೀರಿಸಿಕೊಳ್ಳುವುದು" ಅಂತ ಹಾಕಿ. "ಹೊರಗಿನವರನ್ನು ಕಂಡರೆ ಅನುಮಾನ ಪಡುವುದು" ಅಂತ ಹಾಕಿ. ಅವೂ ಅಷ್ಟೇ ಹಳೆಯ ಗುಣಗಳು. ವಾಕ್ಯ ಹಾಗೇ ನಿಲ್ಲುತ್ತದೆ, ಅರ್ಥ ಮಾತ್ರ ಭಯಂಕರ. ಇದೇ ಪರೀಕ್ಷೆಯನ್ನು ಸ್ವಾರ್ಥಿಯ ವಾಕ್ಯಕ್ಕೂ ಹಾಕಿ, ಅದೂ ಉಳಿಯುವುದಿಲ್ಲ. ಒಂದು ಕಡೆಯವರನ್ನು ಮಾತ್ರ ಹಿಡಿದು ಇನ್ನೊಂದು ಕಡೆಯವರನ್ನು ಬಿಟ್ಟರೆ ನಿಮ್ಮದೂ ಸುಮ್ನೆ ವಾದಕ್ಕೋಸ್ಕರ ವಾದ ಆಗುತ್ತದೆ.

ಹಾಗಂತ ಜೀವದಾಸೆಯನ್ನು ಪಕ್ಕಕ್ಕೆ ಎಸೆಯಬೇಡಿ

ಇಲ್ಲಿ ತುಂಬಾ ಜನ ಅವಸರ ಮಾಡುತ್ತಾರೆ. ಹುಟ್ಟುಗುಣ ಅಪ್ಪಣೆ ಕೊಡುವುದಿಲ್ಲ, ನಿಜ. ಆದರೆ ಅದೊಂದು ಸುದ್ದಿ ಕೊಡುತ್ತದೆ. ಎದುರಿಗಿರುವವನಿಗೂ ಬದುಕು ಅಷ್ಟೇ ಬೇಕು ಅನ್ನುವ ಸುದ್ದಿ.

"ನಾನು ಬದುಕಬೇಕು, ಅದಕ್ಕೆ ನೀವು ನನಗೆ ಕೇಡು ಮಾಡಬಾರದು" ಅಂತ ನೀವು ಹೇಳುತ್ತೀರಿ ಅಂದುಕೊಳ್ಳಿ. ಆ ಮಾತಿನಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ. ಯಾರು ಬೇಕಾದರೂ ಅದನ್ನೇ ಹೇಳಬಹುದು. ನಿಮ್ಮ ಬಾಯಲ್ಲಿ ಅದು ನಿಲ್ಲುತ್ತದೆ ಅಂದರೆ ಅವನ ಬಾಯಲ್ಲೂ ನಿಲ್ಲಲೇಬೇಕು. ಇಲ್ಲ, ನೀವು ಯಾಕೆ ಬೇರೆ ಅನ್ನುವುದಕ್ಕೆ ಕಾರಣ ಕೊಡಬೇಕು. ನಾನು ನೋಡಿದ ಮಟ್ಟಿಗೆ ಆ ಕಾರಣ ಯಾರ ಹತ್ತಿರವೂ ಇಲ್ಲ. ಸೇತುವೆ ಇರುವುದು ಇಲ್ಲಿ. ಅದನ್ನು ಕಟ್ಟುವುದು ಆಸೆಯಲ್ಲ, ಒಂದೇ ಕಾರಣವನ್ನು ಇಬ್ಬರಿಗೂ ಒಂದೇ ಥರ ಹಚ್ಚುವ ನಮ್ಮ ಬುದ್ಧಿ.

ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲಿ ಜೀವ ಉಳಿಸಿಕೊಳ್ಳುವುದನ್ನು ಪ್ರತಿಯೊಬ್ಬನ ಹಕ್ಕು ಅಂದ, ಅಲ್ಲಿಂದಲೇ ತನ್ನ ಇಡೀ ರಾಜಕೀಯ ವಾದ ಕಟ್ಟಿದ. ಅದೇ ದೇಶದ ಇನ್ನೊಬ್ಬ ತತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಇನ್ನೊಂದು ಹೆಜ್ಜೆ ಇಟ್ಟ: ತನ್ನ ಉಳಿವಿಗೆ ಧಕ್ಕೆ ಬರದೆ ಇರುವಾಗ ಉಳಿದ ಮನುಷ್ಯರನ್ನೂ ಆದಷ್ಟು ಉಳಿಸಬೇಕು. ಲಾಕ್ ಅದಕ್ಕೆ ದೇವರನ್ನು ಆಧಾರ ಮಾಡಿಕೊಂಡಿದ್ದ. ದೇವರನ್ನು ನಂಬದವರಿಗೂ ಆ ಷರತ್ತು, "ಧಕ್ಕೆ ಬರದೆ ಇರುವಾಗ" ಅನ್ನುವುದು, ಕೆಲಸಕ್ಕೆ ಬರುತ್ತದೆ.

ಎತ್ತದೆ ಇರುವುದು ಬೇರೆ, ದೂಡುವುದು ಬೇರೆ

ಲೆಕ್ಕ ತಪ್ಪುವುದು ಜಾಸ್ತಿ ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೋಗೋಣ. 1884ರ ಜುಲೈನಲ್ಲಿ ಮಿನ್ಯೊನೆಟ್ ಅನ್ನುವ ಚಿಕ್ಕ ಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ನಾಲ್ಕು ಜನ ಒಂದು ಪುಟ್ಟ ದೋಣಿಯಲ್ಲಿ ಉಳಿದರು. ಕುಡಿಯುವ ನೀರಿಲ್ಲ, ತಿನ್ನಲು ಎರಡು ಡಬ್ಬಿ ಟರ್ನಿಪ್, ನಡುವೆ ಸಿಕ್ಕ ಒಂದು ಆಮೆ. ಸುಮಾರು ಮೂರು ವಾರ ಆಗುವ ಹೊತ್ತಿಗೆ ಕ್ಯಾಪ್ಟನ್ ಡಡ್ಲಿ, ಜೊತೆಗಿದ್ದ ನಾವಿಕ ಸ್ಟೀಫನ್ಸ್‌ನ ಒಪ್ಪಿಗೆ ತೆಗೆದುಕೊಂಡು, ಸಮುದ್ರದ ನೀರು ಕುಡಿದು ಕಾಯಿಲೆ ಬಿದ್ದಿದ್ದ 17 ವರ್ಷದ ಹುಡುಗ ರಿಚರ್ಡ್ ಪಾರ್ಕರ್‌ನನ್ನು ಕೊಂದ. ಉಳಿದವರು ಅವನನ್ನು ತಿಂದು ಬದುಕಿದರು, ಕೆಲವೇ ದಿನಗಳಲ್ಲಿ ಒಂದು ಹಡಗು ಕಂಡು ಪಾರಾದರು. ಇಂಗ್ಲೆಂಡಿನ ಕೋರ್ಟ್ ಹೇಳಿದ್ದು ಇಷ್ಟು: ಜೀವ ಉಳಿಸಿಕೊಳ್ಳುವ ಅಗತ್ಯ ಕೊಲೆಗೆ ಸಮರ್ಥನೆ ಆಗುವುದಿಲ್ಲ. ಇಬ್ಬರಿಗೂ ಮರಣದಂಡನೆ ವಿಧಿಸಿದರು, ಆಮೇಲೆ ಅದನ್ನು ಆರು ತಿಂಗಳ ಜೈಲಿಗೆ ಇಳಿಸಿದರು.

ಆ ಎರಡು ಹೆಜ್ಜೆಯನ್ನೂ ಒಟ್ಟಿಗೆ ಓದಿ. ಮಾಡಿದ್ದು ತಪ್ಪು ಅಂತ ಗಟ್ಟಿಯಾಗಿ ಹೇಳಿದರು. ಆದರೆ ಆ ಹಸಿವಿನಲ್ಲಿದ್ದವರನ್ನು ಮಾಮೂಲಿ ಕೊಲೆಗಾರರ ಸಾಲಿಗೆ ಸೇರಿಸಲಿಲ್ಲ. ಜೀವದಾಸೆ ಶಿಕ್ಷೆ ಕಡಿಮೆ ಮಾಡಿಸಬಹುದು, ತಪ್ಪನ್ನು ಸರಿ ಮಾಡಲಾರದು. ಪಾರ್ಕರ್‌ನಿಗೂ ಜೀವದಾಸೆ ಇತ್ತು ಅಲ್ವಾ? ಅವನ ಕಡೆಯಿಂದ ಮಾತಾಡಲು ದೋಣಿಯಲ್ಲಿ ಬಲ ಇರಲಿಲ್ಲ ಅಷ್ಟೇ.

ಹಾಗಾಗಿ ನಿಮ್ಮ ಮುಂದೆ ಯಾವುದೇ ಉದಾಹರಣೆ ಬರಲಿ, ಇದನ್ನು ಕೇಳಿ: ಇವನು ತನ್ನ ಅಪಾಯವನ್ನು ಇನ್ನೊಬ್ಬನ ಮೇಲೆ ಹಾಕಿದನಾ, ಇಲ್ಲ ಇನ್ನೊಬ್ಬನ ಅಪಾಯವನ್ನು ತನ್ನ ಮೇಲೆ ತೆಗೆದುಕೊಳ್ಳಲಿಲ್ಲವಾ? ಮೊದಲನೆಯದಕ್ಕೆ ಪರವಾನಗಿ ಇಲ್ಲ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಎರಡನೆಯದನ್ನು ಅಳೆದು ನೋಡಬೇಕು.

ಅಳೆಯುವುದು ಹೇಗೆ

ಕೊಡಬೇಕಾದ ಬೆಲೆಯಿಂದ ಶುರು ಮಾಡಿ. ತತ್ವಜ್ಞಾನಿ ಪೀಟರ್ ಸಿಂಗರ್ 1972ರಲ್ಲಿ ಕೊಟ್ಟ ಉದಾಹರಣೆ ಇವತ್ತಿಗೂ ಕುಟುಕುತ್ತದೆ. ಆಳವಿಲ್ಲದ ಕೊಳದಲ್ಲಿ ಮಗು ಮುಳುಗುತ್ತಿದೆ, ಇಳಿದರೆ ನಿಮ್ಮ ಬಟ್ಟೆ ಕೆಸರಾಗುತ್ತದೆ, ಅಷ್ಟೇ. ಇಲ್ಲಿ ಜೀವದಾಸೆಗೆ ಮಾತೇ ಇಲ್ಲ, ಯಾಕೆಂದರೆ ನಿಮ್ಮ ಜೀವಕ್ಕೆ ಏನೂ ಆಗುತ್ತಿಲ್ಲ. "ಮೊದಲು ನಾನು" ಅನ್ನುವ ವಾದವನ್ನು ಜನ ನಿಜವಾಗಿ ಬಳಸುವುದು ಇಂಥ ಕಡೆ, ಜೀವ ಅಲ್ಲ, ಬಟ್ಟೆ ಉಳಿಸಲು. ಕೊಳದ ಮಗುವಿನಿಂದ ದೂರದ ಜನರ ತನಕ ಸಿಂಗರ್ ಹೋಗುತ್ತಾರೆ. ದೂರ ಇದ್ದಮಾತ್ರಕ್ಕೆ ಹೊಣೆ ಕರಗುವುದಿಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಬದುಕಿನ ಉಳಿದ ಎಲ್ಲಾ ಕೆಲಸವನ್ನೂ ಅದು ನುಂಗಿಹಾಕಬೇಕು ಅನ್ನುವ ಮಟ್ಟಕ್ಕೆ ಹೋದಾಗ ನಾನು ನಿಲ್ಲುತ್ತೇನೆ.

ಕಾನೂನುಗಳೂ ಬೆಲೆಯನ್ನೇ ನೋಡುತ್ತವೆ. ಜರ್ಮನಿಯಲ್ಲಿ, ಫ್ರಾನ್ಸಿನಲ್ಲಿ, ನಿಮಗೆ ಅಪಾಯ ಇಲ್ಲದಿದ್ದೂ ಕಷ್ಟದಲ್ಲಿರುವವರನ್ನು ಬಿಟ್ಟು ಹೋದರೆ ಅಪರಾಧ. ಇಂಗ್ಲೆಂಡಿನಲ್ಲಿ ಗುರುತಿಲ್ಲದವರ ವಿಷಯದಲ್ಲಿ ಅಂಥ ಸಾಮಾನ್ಯ ನಿಯಮ ಇಲ್ಲ. ಸಮುದ್ರದ ಬಗ್ಗೆ 1982ರಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದದ 98ನೇ ವಿಧಿ ಹಡಗಿನ ಕ್ಯಾಪ್ಟನ್ ಮೇಲೆ ಹೊಣೆ ಹೊರಿಸುತ್ತದೆ, ಆದರೆ ತನ್ನ ಹಡಗಿಗೆ, ಸಿಬ್ಬಂದಿಗೆ, ಪ್ರಯಾಣಿಕರಿಗೆ ಗಂಭೀರ ಅಪಾಯ ಇಲ್ಲದಿದ್ದರೆ ಅನ್ನುವ ಷರತ್ತು ಹಾಕಿ. ಲಾಕ್‌ನ ಷರತ್ತೇ, ಅಲ್ವಾ?

ಆಮೇಲೆ ಸಾಮರ್ಥ್ಯ. ಈಜು ಬಾರದವನು ನೀರಿಗೆ ಹಾರುವುದು ಕರ್ತವ್ಯ ಅಲ್ಲ, ಮುಳುಗುವವರ ಸಂಖ್ಯೆ ಎರಡಾಗುತ್ತದೆ, ಅಷ್ಟೇ. ನೀರಿನಿಂದ ಕಾಪಾಡುವುದನ್ನು ಕಲಿಸುವವರು ಅದಕ್ಕೇ ಮೊದಲು ಕೋಲು ಚಾಚಿ, ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಿರಿ, ನೀರಿಗೆ ಇಳಿಯುವುದು ಕೊನೆಗೆ ಅನ್ನುತ್ತಾರೆ. ವಿಮಾನದಲ್ಲಿ ಆಮ್ಲಜನಕದ ಮಾಸ್ಕ್ ಮೊದಲು ನೀವು ಹಾಕಿಕೊಳ್ಳಿ ಅನ್ನುವುದೂ ಸ್ವಾರ್ಥಕ್ಕಲ್ಲ. ಹಾರಾಟದ ಆ ಎತ್ತರದಲ್ಲಿ ಗಾಳಿಯ ಒತ್ತಡ ಹೋದರೆ ಒಂದು ನಿಮಿಷದೊಳಗೇ ಮೆದುಳು ಕೈ ಕೊಡಬಹುದು, ಆಮೇಲೆ ಪಕ್ಕದ ಮಗುವಿಗೆ ಮಾಸ್ಕ್ ಹಾಕುವವರು ಯಾರು?

ಕೊನೆಗೆ, ನೀವು ಅಲ್ಲಿ ಯಾರಾಗಿ ನಿಂತಿದ್ದೀರಿ ಅಂತ ನೋಡಿ. ದಾರಿಹೋಕನಿಗೂ ಕ್ಯಾಪ್ಟನ್‌ಗೂ ಒಂದೇ ತಕ್ಕಡಿ ಅಲ್ಲ. 2012ರ ಜನವರಿಯಲ್ಲಿ ಇಟಲಿಯ ಜಿಲ್ಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಪ್ರಯಾಣಿಕರು ಇನ್ನೂ ಒಳಗಿರುವಾಗಲೇ ಹೊರಬಂದ ಕ್ಯಾಪ್ಟನ್‌ಗೆ 16 ವರ್ಷ ಜೈಲಾಯಿತು. ಹಡಗು ಬಡಿಸಿದ್ದರ ಜೊತೆಗೆ, ಬಿಟ್ಟುಹೋದದ್ದೂ ಅಪರಾಧದ ಲೆಕ್ಕಕ್ಕೆ ಬಂತು. ಅವನಿಗಿದ್ದ ಭಯ ಪ್ರಯಾಣಿಕರ ಭಯಕ್ಕಿಂತ ಬೇರೆ ಏನಲ್ಲ. ಆದರೆ ಅವರು ಹಡಗು ಹತ್ತಿದ್ದೇ ಇವನ ಮಾತಿನ ಮೇಲೆ. ಭಯ ಮಾತ್ರ ಪದವಿ ನೋಡುವುದಿಲ್ಲ: 18 ಹಡಗು ದುರಂತಗಳನ್ನು ನೋಡಿ ಸ್ವೀಡನ್ನಿನ ಇಬ್ಬರು ಸಂಶೋಧಕರು 2012ರಲ್ಲಿ ಬರೆದ ವರದಿಯ ಪ್ರಕಾರ, ಒಟ್ಟಾರೆ ಪ್ರಯಾಣಿಕರಿಗಿಂತ ಸಿಬ್ಬಂದಿ ಬದುಕುಳಿದ ಪ್ರಮಾಣವೇ ಜಾಸ್ತಿ.

ಹೊಣೆಯನ್ನು ಆ ಕ್ಷಣದಲ್ಲಿ ಹುಡುಕಬೇಡಿ

ಈ ವಾದದಲ್ಲಿ ಎಲ್ಲರೂ ಮರೆಯುವುದು ಇದನ್ನೇ ಅಂತ ನನಗೆ ಅನಿಸುತ್ತದೆ. ನಾವು ಯಾವಾಗಲೂ ಆ ಒಂದು ಕ್ಷಣವನ್ನೇ ಹಿಡಿದುಕೊಂಡು ಜಗಳ ಆಡುತ್ತೇವೆ: ಹಾರಬೇಕಿತ್ತಾ, ಓಡಬಹುದಿತ್ತಾ. ಆ ಕ್ಷಣದಲ್ಲಿ ದೇಹ ಅರ್ಧ ನಮ್ಮ ಕೈಯಲ್ಲಿ ಇರುವುದಿಲ್ಲ. ನಮ್ಮ ಕೈಯಲ್ಲಿರುವುದು ಅದಕ್ಕೆ ಮುಂಚಿನ ದಿನಗಳು, ಆಮೇಲಿನ ನಿಮಿಷಗಳು.

1912ರಲ್ಲಿ ಟೈಟಾನಿಕ್‌ನಲ್ಲಿ ಸುಮಾರು 2,200 ಜನ ಇದ್ದರು, ಜೀವರಕ್ಷಕ ದೋಣಿಗಳಲ್ಲಿ ಇದ್ದದ್ದು 1,178 ಜನರಿಗೆ ಜಾಗ. ಆ ರಾತ್ರಿ ಯಾರು ಯಾರಿಗೆ ಜಾಗ ಬಿಟ್ಟರು ಅಂತ ಈಗಲೂ ಚರ್ಚೆ ಮಾಡುತ್ತೇವೆ, ಆದರೆ ದೊಡ್ಡ ತಪ್ಪು ಹಡಗು ಹೊರಡುವ ಮುಂಚೆಯೇ ಆಗಿತ್ತು. 1914ರಲ್ಲಿ ಬಂದ ಅಂತರರಾಷ್ಟ್ರೀಯ ಒಪ್ಪಂದ ಹಡಗಿನಲ್ಲಿರುವ ಎಲ್ಲರಿಗೂ ಜಾಗ ಇರಬೇಕು ಅಂತ ಕೇಳಿತು. ಜಾಗ ಇದ್ದರೆ ಯಾರೂ ವೀರರಾಗಬೇಕಾಗಿಲ್ಲ, ಯಾರೂ ಇನ್ನೊಬ್ಬರನ್ನು ದೂಡಬೇಕಾಗಿಲ್ಲ.

ನಿಮ್ಮ ಮಟ್ಟದಲ್ಲಿ ಇದನ್ನು ಮಾಡುವುದು ಕಷ್ಟ ಏನಲ್ಲ. ಹೃದಯ ನಿಂತವರ ಎದೆ ಒತ್ತುವುದನ್ನು ಒಂದು ಸಲ ತರಬೇತಿ ತೆಗೆದುಕೊಂಡು ಕಲಿಯಿರಿ: ದೊಡ್ಡವರಿಗಾದರೆ ಎದೆಯ ನಡುವೆ ಎರಡೂ ಕೈ ಇಟ್ಟು, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಕೈಗೆ ಅಭ್ಯಾಸ ಇದ್ದರೆ ಮನಸ್ಸು ಕಂಗಾಲಾದರೂ ಕೈ ಕೆಲಸ ಮಾಡುತ್ತದೆ.

ಜನ ಸೇರಿರುವ ಕಡೆ ಇನ್ನೊಂದು ತೊಡಕು. ಮನೋವಿಜ್ಞಾನಿಗಳಾದ ಡಾರ್ಲಿ ಮತ್ತು ಲತಾನೆ 1968ರ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ಫಿಟ್ಸ್ ಬಂದ ಹಾಗೆ ದನಿ ಕೇಳಿಸಿದರು. ಕೇಳಿಸಿಕೊಂಡವನು ತಾನೊಬ್ಬನೇ ಅಂದುಕೊಂಡವರಲ್ಲಿ 85% ಜನ ಆ ದನಿ ನಿಲ್ಲುವುದರೊಳಗೆ ಎದ್ದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡವರಲ್ಲಿ 31% ಮಾತ್ರ. ಇದನ್ನು ಹಿಡಿದು ಮನುಷ್ಯರೆಲ್ಲ ಕಲ್ಲು ಅನ್ನಬೇಡಿ. ಬೀದಿ ಜಗಳಗಳ ಸಿಸಿಟಿವಿ ದೃಶ್ಯ ನೋಡಿ 2019ರಲ್ಲಿ ಬಂದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಸಲ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು. ಹಾಗಾಗಿ ಆ ಒಬ್ಬರು ನೀವೇ ಆಗಿ. ಗುಂಪಿಗೆ ಕೂಗಬೇಡಿ, ಒಬ್ಬರ ಕಡೆ ಬೆರಳು ತೋರಿಸಿ "ನೀಲಿ ಅಂಗಿಯವರೇ, ನೀವು ಆಂಬುಲೆನ್ಸ್‌ಗೆ ಫೋನ್ ಮಾಡಿ" ಅನ್ನಿ. ಯಾರದ್ದೂ ಅಲ್ಲದ ಹೊಣೆ ಆಗ ಒಬ್ಬರದಾಗುತ್ತದೆ.

ಇನ್ನು, ಆ ಹೊತ್ತಿನಲ್ಲಿ ಕಲ್ಲಾಗಿ ನಿಂತವರು ನಿಮ್ಮ ಹತ್ತಿರ ಬಂದು "ನಾನು ಏನೂ ಮಾಡಲಿಲ್ಲ" ಅಂದರೆ, ನಿಂತುಹೋದದ್ದಕ್ಕೆ ಬೈಯಬೇಡಿ, ಅದನ್ನು ಅವರು ಆರಿಸಿಕೊಂಡಿರಲಿಲ್ಲ. ಮೈ ಬಿಟ್ಟಮೇಲೆ ಏನು ಮಾಡಿದರು ಅಂತ ಕೇಳಿ: ಯಾರನ್ನಾದರೂ ಕರೆದರಾ, ಅಲ್ಲೇ ಉಳಿದರಾ, ನೋಡಿದ್ದನ್ನು ಹೇಳಬೇಕಾದವರಿಗೆ ಹೇಳಿದರಾ? ಎಷ್ಟೋ ಸಲ ಇದರಲ್ಲಿ ಒಂದನ್ನಾದರೂ ಮಾಡಿರುತ್ತಾರೆ, ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಮಾಡಿಲ್ಲದಿದ್ದರೆ, ನೋಡಿದ್ದನ್ನು ಹೇಳುವುದನ್ನು ಇವತ್ತೂ ಮಾಡಬಹುದು.