ಮೀನಿನ ತೊಟ್ಟಿಗೆ ಹೀಟರ್: ಚಳಿಗೆ ಮೊದಲೇ ಅಳವಡಿಸಿಕೊಳ್ಳಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ರಾತ್ರಿಗಳು 15–16 ಡಿಗ್ರಿಗೆ ಇಳಿಯುತ್ತವೆ. ನಾವು ರಗ್ಗು ಹೊದ್ದು ಮಲಗುತ್ತೇವೆ. ಹಾಲ್‌ನ ಮೂಲೆಯಲ್ಲಿರುವ ಮೀನಿಗೆ ನೀರಿನ ಬಿಸುಪೇ ಮೈಯ ಬಿಸುಪು. ನೀರು ತಣ್ಣಗಾದರೆ ತಿಂದದ್ದು ಅರಗುವುದಿಲ್ಲ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಬೆಳಿಗ್ಗೆ ಹಾಕಿದ ಕಾಳು ಹಾಗೇ ತೇಲುತ್ತಿದ್ದು, ಫೈಟರ್ ಮೀನು ರೆಕ್ಕೆ ಮುದುಡಿಕೊಂಡು ತಳ ಹಿಡಿದಿದ್ದರೆ ಮೊದಲು ನೀರಿನ ಉಷ್ಣಾಂಶ ನೋಡಿ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದರೆ ಅದು ‘ವೈಟ್ ಸ್ಪಾಟ್’ ರೋಗ. ನೀರು ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಆಗುವ ತೊಟ್ಟಿಗಳಲ್ಲಿ ಅದರ ಕಾಟ ಹೆಚ್ಚು.

ಎಲ್ಲರಿಗೂ ಹೀಟರ್ ಬೇಕಿಲ್ಲ. ಗೋಲ್ಡ್ ಫಿಶ್ ತಂಪು ನೀರಿನ ಮೀನು. ಮಂಗಳೂರು, ಕಾರವಾರದ ಕಡೆ ಚಳಿಗಾಲದಲ್ಲೂ ಸೆಕೆಯೇ. ಆದರೆ ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರು, ಬೀದರ್‌ನಂಥ ಊರುಗಳಲ್ಲಿ ಟೆಟ್ರಾ, ಏಂಜೆಲ್, ಗಪ್ಪಿ, ಫೈಟರ್ ಸಾಕಿದವರು ನೀರನ್ನು 25–26 ಡಿಗ್ರಿಯಲ್ಲಿ ಕಾಯ್ದುಕೊಳ್ಳುವುದು ಒಳ್ಳೆಯದು. ಡಿಸ್ಕಸ್‌ಗೆ 28ರಿಂದ 30 ಬೇಕು.

ಎಷ್ಟು ವ್ಯಾಟ್?

ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದು ಗುಣಿಸಿ, 1,000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಎರಡಡಿಯ ತೊಟ್ಟಿ ಎಂದರೆ 60×30×30, ಅಂದರೆ 54 ಲೀಟರ್. ತಳದ ಜಲ್ಲಿ, ಮೇಲಿನ ಖಾಲಿ ಜಾಗ ಕಳೆದರೆ ಉಳಿಯುವ ನೀರು ಸುಮಾರು 45 ಲೀಟರ್. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ 50 ವ್ಯಾಟಿನ ಹೀಟರ್ ಸಾಕು. ಮಡಿಕೇರಿಯ ಚಳಿಗಾದರೆ 75 ಇರಲಿ.

‘ದೊಡ್ಡದೇ ತಗೊಳ್ಳಿ, ಬೇಗ ಕಾಯುತ್ತೆ’ ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ಹೀಟರ್‌ಗಳು ಕೆಡುವುದೇ ಹೆಚ್ಚಾಗಿ ಥರ್ಮೋಸ್ಟಾಟ್ (ನೀರು ಹದಕ್ಕೆ ಬಂದಾಗ ಹೀಟರನ್ನು ತಾನೇ ಆರಿಸುವ ಭಾಗ) ಅಂಟಿಕೊಂಡು, ಆರದೆ ಉರಿಯುತ್ತಲೇ ಇರುವುದರಿಂದ. ಹಾಗಾದಾಗ 300 ವ್ಯಾಟಿನ ಹೀಟರ್ 45 ಲೀಟರ್ ನೀರನ್ನು ಗಂಟೆಗೆ ಐದು ಡಿಗ್ರಿಯಷ್ಟು ಏರಿಸಬಲ್ಲದು. ನೀವು ಮಲಗಿ ಏಳುವಷ್ಟರಲ್ಲಿ ಮೀನು ಬೆಂದಿರುತ್ತದೆ. 50 ವ್ಯಾಟಿನದು ಗಂಟೆಗೆ ಒಂದು ಡಿಗ್ರಿ ಏರಿಸಲೂ ಏದುತ್ತದೆ, ತಪ್ಪು ನಿಮ್ಮ ಕಣ್ಣಿಗೆ ಬೀಳುವಷ್ಟು ಸಮಯ ಸಿಗುತ್ತದೆ. ನಾಲ್ಕಡಿಯ ತೊಟ್ಟಿ ಇದ್ದವರು ಒಂದು ದೊಡ್ಡದರ ಬದಲು ಎರಡು ಚಿಕ್ಕವನ್ನು ಹಾಕಿಕೊಳ್ಳಲಿ. ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುತ್ತದೆ.

ಕೂರಿಸುವ ಬಗೆ

ಫಿಲ್ಟರ್‌ನಿಂದ ನೀರು ಚಿಮ್ಮುವ ಜಾಗದ ಪಕ್ಕದಲ್ಲೇ ಹೀಟರ್ ಇರಲಿ. ಕಾದ ನೀರು ಒಂದೆಡೆ ನಿಲ್ಲದೆ ತೊಟ್ಟಿಯೆಲ್ಲ ಸುತ್ತುತ್ತದೆ. ರಬ್ಬರ್ ಕಪ್ಪುಗಳನ್ನು ಒದ್ದೆ ಮಾಡಿ ಹಿಂಬದಿಯ ಗಾಜಿಗೆ ಒತ್ತಿ, ಹೀಟರಿನ ಗಾಜಿನ ಕೊಳವೆಯನ್ನು ಓರೆಯಾಗಿ ನಿಲ್ಲಿಸಿ. ಅದರ ತುದಿ ಜಲ್ಲಿಯೊಳಗೆ ಹುದುಗಬಾರದು. ಕೊಳವೆಯ ಮೇಲೊಂದು ಗೆರೆ ಇರುತ್ತದೆ. ನೀರು ಯಾವಾಗಲೂ ಆ ಗೆರೆಗಿಂತ ಮೇಲಿರಬೇಕು.

ಇನ್ನು ಅರ್ಧ ಗಂಟೆ ಪ್ಲಗ್ ಮುಟ್ಟಬೇಡಿ. ಒಳಗಿನ ಗಾಜು ನೀರಿನ ಬಿಸುಪಿಗೆ ಹೊಂದಿಕೊಳ್ಳಲಿ. ವೈರು ನೇರವಾಗಿ ಪ್ಲಗ್ಗಿಗೆ ಹೋಗದೆ, ಅದಕ್ಕಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರುವಂತೆ ಬಿಡಿ. ವೈರಿನಗುಂಟ ಇಳಿದ ನೀರು ಆ ಜೋತಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಅರ್ತಿಂಗ್ ಸರಿಯಿಲ್ಲದ ಸಾಕೆಟ್ಟಿಗೆ ಖಂಡಿತ ಹಾಕಬೇಡಿ.

ಥರ್ಮಾಮೀಟರನ್ನು ತೊಟ್ಟಿಯ ಇನ್ನೊಂದು ತುದಿಗೆ ಅಂಟಿಸಿ. ನೀರು ಈಗ 20 ಡಿಗ್ರಿ ಇದ್ದರೆ ಒಮ್ಮೆಲೇ 26ಕ್ಕೆ ತಿರುಗಿಸದೆ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ. ಹೀಟರಿನ ತಿರುಗಣೆಯ ಅಂಕಿ ಒಂದೆರಡು ಡಿಗ್ರಿ ಆಚೀಚೆ ಇರುವುದು ಮಾಮೂಲು, ಥರ್ಮಾಮೀಟರನ್ನೇ ನಂಬಿ. ಹೀಟರಿನ ಮೇಲಿನ ಪುಟ್ಟ ದೀಪ ಉರಿದರೆ ಕಾಯಿಸುತ್ತಿದೆ ಎಂದರ್ಥ. ಹದಕ್ಕೆ ಬಂದ ಮೇಲೂ ಅದು ಆರದಿದ್ದರೆ ತಕ್ಷಣ ಪ್ಲಗ್ ಕಿತ್ತುಬಿಡಿ.

ನೀರು ಬದಲಿಸುವ ದಿನ

ನಾನು ಮೊದಲ ಹೀಟರ್ ಕಳೆದುಕೊಂಡದ್ದು ಇಂಥ ದಿನವೇ. ಸ್ವಿಚ್ ಆರಿಸದೆ ಪೈಪಿನಲ್ಲಿ ನೀರು ತೆಗೆದೆ. ಕೊಳವೆ ಅರ್ಧ ಹೊರಗೆ ಬಂದು, ಬರಿ ಗಾಳಿಯಲ್ಲಿ ಕಾಯುತ್ತಿತ್ತು. ಮೇಲಿಂದ ಹೊಸ ನೀರು ಸುರಿದದ್ದೇ ‘ಟಣ್’ ಎಂದಿತು, ಗಾಜು ಉದ್ದಕ್ಕೂ ಸೀಳಿತು. ಅದೃಷ್ಟಕ್ಕೆ ಕೈ ನೀರಿನೊಳಗೆ ಇರಲಿಲ್ಲ. ಅಂದಿನಿಂದ ಬಕೆಟ್ ಹಿಡಿಯುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ಪ್ಲಗ್ ಕಿತ್ತಿಡುತ್ತೇನೆ. ತೊಟ್ಟಿಯೊಳಗೆ ಕೈ ಹಾಕುವಾಗ ಫಿಲ್ಟರ್, ದೀಪ ಎಲ್ಲವನ್ನೂ ಆರಿಸಿಯೇ ಹಾಕುತ್ತೇನೆ. ಹೊಸ ನೀರಿಗೆ ಬಕೆಟ್‌ನಲ್ಲೇ ಒಂದಿಷ್ಟು ಬಿಸಿನೀರು ಬೆರೆಸಿ, ತೊಟ್ಟಿಯ ಹದಕ್ಕೆ ತಂದು ಸುರಿಯಿರಿ.

ಕರೆಂಟ್ ಹೋದರೆ ಗಾಬರಿ ಬೇಡ. ನೀರು ನಿಧಾನವಾಗಿ ತಣಿಯುತ್ತದೆ. ಮೇಲೆ ಮುಚ್ಚಳವಿರಲಿ, ಸುತ್ತಲೂ ದಪ್ಪ ರಗ್ಗು ಸುತ್ತಿ, ಗಾಳಿಯಾಡುವಷ್ಟು ಸಂದು ಬಿಡಿ. ಕುದಿನೀರನ್ನಂತೂ ತೊಟ್ಟಿಗೆ ಸುರಿಯಬೇಡಿ.

ತಿಂಗಳಿಗೊಮ್ಮೆ ಹೀಟರನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ನೀರು ಒಳಗೆ ನುಗ್ಗಿದೆ ಎಂದರ್ಥ. ಅದನ್ನು ಒಣಗಿಸಿ ಮತ್ತೆ ಹಾಕಬೇಡಿ, ಹೊಸದು ತನ್ನಿ.