ಮಂಡಿಯಿಂದ ಎದೆಯವರೆಗಿನ ಜಾಗ ದಿನಬಳಕೆಗೆ ಬಿಡಿ

ಬೆಳಗ್ಗೆ ಎಂಟಾದರೆ ಬಸವನಗುಡಿಯ ನಮ್ಮ ಪುಟ್ಟ ಬಾಡಿಗೆ ಮನೆಯಲ್ಲಿ ಒಂದೇ ಗಲಾಟೆ. ಸ್ಕೂಟರ್ ಕೀ ಎಲ್ಲಿ, ಮಗಳ ಐಡಿ ಕಾರ್ಡ್ ಎಲ್ಲಿ? ಕೆಳಗಿನ ಖಾನೆಯಿಂದ ದೊಡ್ಡ ಕುಕ್ಕರ್ ಎತ್ತಲು ಹೋಗಿ ಅತ್ತೆಗೆ ಸೊಂಟ ಹಿಡಿಯಿತು. ಆಮೇಲೆ ನೋಡಿದರೆ, ಕೈಗೆ ಸಿಗುವ ಶೆಲ್ಫಿನಲ್ಲಿ ಕೂತಿದ್ದದ್ದು ವರ್ಷಕ್ಕೊಮ್ಮೆ ತೆಗೆಯುವ ಪಿಂಗಾಣಿ ಸೆಟ್!

ಅದಲು ಬದಲು ಮಾಡಿದೆವು. ಕುಕ್ಕರ್, ಅಕ್ಕಿ ಡಬ್ಬ, ಮಿಕ್ಸಿಯಂಥ ಭಾರದ ಸಾಮಾನು ಮಂಡಿಯಿಂದ ಎದೆಯ ಎತ್ತರದೊಳಗೆ. ಬಗ್ಗಿ ಎತ್ತುವುದು, ತಲೆ ಮೇಲಿಂದ ಇಳಿಸುವುದು ಎರಡೂ ತಪ್ಪಿತು. ದಸರಾ ಗೊಂಬೆಗಳ ಪೆಟ್ಟಿಗೆ ಅಟ್ಟಕ್ಕೆ. ಬಾಗಿಲ ಪಕ್ಕ ನಾಲ್ಕು ಕೊಕ್ಕೆ, ಒಂದು ಬುಟ್ಟಿ. ಮೊಳೆ ಹೊಡೆದರೆ ಓನರ್ ಬೈತಾರೆ ಅಂದರೆ ಅಂಟಿಸುವ ಹುಕ್ ಸಾಕು.

ಮಳೆಗಾಲಕ್ಕೆ ಇನ್ನೊಂದು ಮಾತು. ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಬಟ್ಟೆ ತುರುಕಬೇಡಿ. ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತದೆ, ಉಬ್ಬಸ ಇರುವವರಿಗೆ ಅದು ಜಾಸ್ತಿ ಕಷ್ಟ.

ಇದೆಲ್ಲ ಸುಮ್ನೆ ಹೇಳುತ್ತಿಲ್ಲ. ಲಾಸ್ ಏಂಜಲೀಸ್‌ನಲ್ಲಿ 30 ಜೋಡಿ ಗಂಡ-ಹೆಂಡಿರ, ಅಂದರೆ 60 ಜನರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮನೆ ಅಸ್ತವ್ಯಸ್ತ, ಕೆಲಸ ಬಾಕಿ ಎಂದು ಹೇಳಿಕೊಂಡ ಹೆಂಗಸರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಸಂಜೆ ಹೊತ್ತಿಗೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಗಂಡಸರಲ್ಲಿ ಹಾಗೆ ಕಾಣಲಿಲ್ಲವಂತೆ. ಆಶ್ಚರ್ಯವೇನಿಲ್ಲ ಅಲ್ವಾ?

ಹಾಂ, ಮೊದಲೇ ಚಿಕ್ಕಪೇಟೆಗೆ ಓಡಿ ಡಬ್ಬ ತರಬೇಡಿ. ಬೇಡದ್ದನ್ನು ಹೊರಹಾಕಿ, ಖಾನೆ ಅಳೆದುಕೊಂಡು ಹೋಗಿ. ನಾವು ತಂದ ಮೂರು ಡಬ್ಬ ಶೆಲ್ಫಿಗೆ ಹಿಡಿಯದೆ ಮಂಚದ ಕೆಳಗಿವೆ.